ಎಲೆ ಇಟ್ಟು ಎಳೆದ ಗೆರೆ

ಚಿಟ್, ಅಂದರೆ ಅಪ್ಪನ ಊಟ ಮುಗಿದು ದಿವಾನದ ಮೇಲೆ ಕೂತಾಯಿತು, ಮತ್ತೆ ಚಿಟ್, ಮೊದಲನೆಯದು ತೊಟ್ಟು, ಎರಡನೆಯದು ತುದಿ, ವೀಳ್ಯದೆಲೆಯನ್ನು ಹೆಬ್ಬೆರಳಿನ ಉಗುರು ಮುರಿಯುವ ಈ ಸದ್ದು ಬೇರೆ ಯಾರಿಗೂ ಕೇಳುವುದಿಲ್ಲ, ನನಗೆ ಅಡುಗೆಮನೆಯಲ್ಲಿ ನಿಂತರೂ ಕೇಳುತ್ತದೆ, ಮಿಕ್ಸಿ ಓಡುತ್ತಿದ್ದರೂ ಕೇಳುತ್ತದೆ, ಕೆಂಗೇರಿ ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ಯಾವನೋ ಮುದುಕ ಎಲೆ ಮಡಿಸುತ್ತಿದ್ದರೂ ಕೇಳುತ್ತದೆ, ತೊಟ್ಟು ತಿಂದರೆ ರೋಗ ಬರುತ್ತದಂತೆ, ತುದಿ ತಿಂದರೆ ಪಾಪ ಸುತ್ತಿಕೊಳ್ಳುತ್ತದಂತೆ, ಅಮ್ಮ ಹೇಳುತ್ತಿದ್ದಳು, ನಮ್ಮಮ್ಮ ಲಕ್ಷ್ಮಿದೇವಮ್ಮ ಈಗ ಫೋಟೋವಾಗಿ ಹಾಲಿನ ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡು ಕೂತಿದ್ದಾಳೆ, ಪಾಪವನ್ನು ಉಗುರಿನಲ್ಲಿ ಕಿತ್ತು ಬಿಸಾಡುತ್ತಲೇ ಬಂದ ಅಪ್ಪ ಎಪ್ಪತ್ತು ದಾಟಿಯೂ ಗಟ್ಟಿಮುಟ್ಟಾಗಿದ್ದಾರೆ, ಇರಲಿ, ಈ ಮೈದಾ ಗಂಟು ಕಟ್ಟುತ್ತಿದೆ, ಗೋಂದು ಕಾಯಿಸುವಾಗ ಉರಿ ಸಣ್ಣಗಿರಬೇಕು, ಸೌಟು ನಿಲ್ಲಬಾರದು, ಅಂಗಡಿಯಿಂದ ತಂದ ಗೋಂದನ್ನು ಸಿಂಚು ಸ್ಕೂಲಿಂದ ಬಂದವಳೇ ಟೀಪಾಯಿಗೆ ಬಳಿದು ಮುಗಿಸಿದ್ದಾಳೆ, ಅತ್ತೇ ಗಮ್ ಆಯ್ತಾ, ಆಯ್ತು ಕಣೇ, ಅತ್ತೇ ಸಾಯಂಕಾಲದೊಳಗೆ ಫೋಟೋ ಹಾಕ್ಬೇಕಂತೆ ಮಿಸ್ಸು, ಗೊತ್ತು ಕಣೇ, ಇಡೀ ಉಪನಗರಕ್ಕೇ ಗೊತ್ತಾಗುವ ಹಾಗೆ ಬಂದಾಗಿನಿಂದ ಕೂಗುತ್ತಿದ್ದೀಯ. ಸಿಂಚು ನನ್ನ ತಮ್ಮ ಭೈರೇಶನ ಮಗಳು, ಒಂದನೇ ಕ್ಲಾಸು, ಅವಳ ಮಿಸ್ಸು ಗ್ರೂಪಿಗೆ ಕಳಿಸಿದ ಮೆಸೇಜನ್ನು ತಮ್ಮನ ಹೆಂಡತಿ ಅನು ನನಗೆ ದಾಟಿಸಿ ಮೆಟ್ರೋ ಹತ್ತಿದಳು, ಅವಳಿಗೆ ರಾಜರಾಜೇಶ್ವರಿನಗರದ ಆಫೀಸು, ಅವನಿಗೆ ಬ್ಯಾಂಕು, ಡಿಯರ್ ಪೇರೆಂಟ್ಸ್ ಎಂದಿದ್ದಾರೆ ಮಿಸ್ಸು, ಪೇರೆಂಟ್ಸ್ ಎಂದರೆ ಈ ಮನೆಯಲ್ಲಿ ಲತತ್ತೆ, ನಾಳೆ ವ್ಯಾಲೆಂಟೈನ್ಸ್ ಡೇ, ಅದನ್ನು ನಾವು ಫ್ಯಾಮಿಲಿ ಲವ್ ಡೇ ಎಂದು ಆಚರಿಸೋಣ, ಮನೆಯಲ್ಲೇ ಸುಲಭವಾಗಿ ಮಾಡಬಹುದಾದ ಕ್ರಾಫ್ಟುಗಳ ವಿಡಿಯೋ ಕಳಿಸಿದ್ದೇವೆ, ಹಾರ್ಟಿನ ತೋರಣ, ಅಂಗೈ ಅಚ್ಚಿನ ಕಾರ್ಡು, ಐಸ್‌ಕ್ರೀಮ್ ಕಡ್ಡಿಯ ಫೋಟೋ ಫ್ರೇಮು, ಮನೆಯ ಒಬ್ಬೊಬ್ಬರಿಗೂ ಒಂದೊಂದು ಕೆಂಪು ಹಾರ್ಟು, ಎಲ್ಲರೂ ಅದನ್ನು ಹಿಡಿದು ಒಂದು ನಗುವ ಫೋಟೋ. ನಗುವ, ಅದನ್ನೂ ಬರೆದಿದ್ದಾರೆ ಪುಣ್ಯಾತ್ಗಿತ್ತಿ.

ಗೋಂದಿನ ಪಾತ್ರೆ ಹಿಡಿದು ಹಾಲಿನ ಬಾಗಿಲಿಗೆ ಬಂದರೆ ನೆಲವೆಲ್ಲ ಕೆಂಪು, ಚಾರ್ಟ್ ಪೇಪರಿನ ಚೂರುಗಳ ನಡುವೆ ಸಿಂಚು ಮಂಡಿಯೂರಿ ಕೂತಿದ್ದಾಳೆ, ಫೋನು ಅಪ್ಪನ ಅಡಿಕೆ ಡಬ್ಬಿಗೆ ಒರಗಿ ನಿಂತಿದೆ, ಕಾಗದ ಮಡಿಸಿ ಅರ್ಧ ಕತ್ತರಿಸಿ ಬಿಡಿಸಿದರೆ ಹಾರ್ಟು ಆಗುತ್ತದೆ ಎಂದು ಅದರೊಳಗಿನ ಹುಡುಗಿ ಹಲ್ಲು ಕಿರಿದು ಹೇಳುತ್ತಾಳೆ, ಸಿಂಚು ಬಿಡಿಸಿದರೆ ಒಂದು ಸಲ ಬದನೆಕಾಯಿ, ಒಂದು ಸಲ ಚಪ್ಪಲಿ ಅಟ್ಟೆ, ಒಂದು ಸಲ ಮಡಿಕೆಯ ಕಡೆಯಿಂದಲೇ ಕತ್ತರಿಸಿ ಎರಡು ತುಂಡು, ಅಳು ಮೂಗಿನ ತುದಿಗೆ ಬಂದು ಕೂತಿದೆ, ನಾನು ತೋರಿಸಿಕೊಡಬಹುದು, ಒಂದೇ ನಿಮಿಷದ ಕೆಲಸ, ನನಗೆ ಗೊತ್ತಿರುವ ಉಪಾಯ ಆ ವಿಡಿಯೋದ ಹುಡುಗಿಗೂ ಗೊತ್ತಿಲ್ಲ, ಆದರೆ ತೋರಿಸಲಾರೆ, ಬೇಕಾದರೆ ಗೋಂದು ಕಾಯಿಸುತ್ತೇನೆ, ನೆಲ ಗುಡಿಸುತ್ತೇನೆ, ನಾಳೆ ಅವಳ ಡಬ್ಬಿಗೆ ಚಪಾತಿಯನ್ನೂ ಹಾರ್ಟಿನ ಆಕಾರದಲ್ಲಿ ಲಟ್ಟಿಸಿ ಕೊಡುತ್ತೇನೆ, ಅದೊಂದನ್ನು ಮಾತ್ರ ನನ್ನ ಕೈ ಇನ್ನೊಮ್ಮೆ ಮಾಡುವುದಿಲ್ಲ — ಅಷ್ಟರಲ್ಲಿ ಅಪ್ಪ, ಬಾಯಿ ತುಂಬ ರಸ ತುಂಬಿಕೊಂಡು, ಗಲ್ಲ ಮೇಲಕ್ಕೆತ್ತಿ, ಅದ್ಯಾಕಂಗ್ ಒದ್ದಾಡ್ತೀಯ ಮಗಾ, ಬಾ ಇಲ್ಲಿ, ತಟ್ಟೇಲಿ ಒಂದ್ ಒಳ್ಳೆ ಎಲೆ ನೋಡ್ಕೊಂಡ್ ತಗೋ, ಅದನ್ನ ಕಾಗ್ದದ ಮ್ಯಾಲಿಟ್ಟು ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳಿ, ಅದೇ ನಿನ್ ಹಾರ್ಟು. ನಾನು ಬಾಗಿಲಲ್ಲೇ ನಿಂತೆ. ಪಾತ್ರೆ ಕೈ ಸುಡುತ್ತಿದೆ ಎಂದು ಆಮೇಲೆ ಗೊತ್ತಾಯಿತು. ಸಿಂಚು ಎಲೆ ಇಟ್ಟಳು, ಗೆರೆ ಎಳೆದಳು, ಅಪ್ಪ ಕನ್ನಡಕ ಏರಿಸಿಕೊಂಡು ಕತ್ತರಿ ಇಸಿದುಕೊಂಡು ಗೆರೆಯ ಮೇಲೆ ನಿಧಾನವಾಗಿ ಕತ್ತರಿಸಿ ಕೊಟ್ಟರು, ಬಂತು ಹಾರ್ಟು, ಎಷ್ಟು ಚೆನ್ನಾಗಿ ಬಂತು, ಮೇಲೆ ಎರಡು ದುಂಡು ಭುಜ, ಕೆಳಗೆ ಸಣ್ಣ ಚೂಪು, ವಾವ್ ತಾತ ನೀವು ಜೀನಿಯಸ್ಸು, ನಿಮಗೆ ಯಾರು ಹೇಳ್ಕೊಟ್ರು, ಎಂದಳು ಸಿಂಚು. ಯಾರ್ ಹೇಳ್ಕೊಡ್ಬೇಕು, ನಿಮ್ ತಾತಂಗೆ ತಲೆ ಇಲ್ವಾ, ಎಂದರು ಅಪ್ಪ. ಸುಳ್ಳು. ಯಾರು ಹೇಳಿಕೊಟ್ಟರು ಎಂದು ನನಗೆ ಗೊತ್ತು, ಅಪ್ಪನಿಗೆ ಅದನ್ನು ಹೇಳಿಕೊಟ್ಟವಳು ನಾನು, ಇದೇ ಹಾಲಿನಲ್ಲಿ, ಇಂಥದೇ ಫೆಬ್ರವರಿಯಲ್ಲಿ, ಆಗ ಇದು ಹಾಲು ಆಗಿರಲಿಲ್ಲ, ಹೆಂಚಿನ ಮನೆಯ ಪಡಸಾಲೆಯಾಗಿತ್ತು, ಇಪ್ಪತ್ತು ವರ್ಷದ ಮೇಲಾಯಿತು, ಅಂದಿನಿಂದ ಇಂದಿನವರೆಗೆ ಅದರ ಬಗ್ಗೆ ಅವರ ಬಾಯಿಂದ ಒಂದು ಮಾತು ಹೊರಗೆ ಬಂದಿಲ್ಲ, ನಾನು ಬೇರೇನೂ ಕೇಳುವುದಿಲ್ಲ, ಕ್ಷಮಿಸು ಎನ್ನುವುದು ಬೇಡ, ಅಳುವುದಂತೂ ಬೇಡವೇ ಬೇಡ, ಹೌದು ಕಣೇ ಲತಾ, ನಾನು ಹಾಗೆ ಮಾಡಿದೆ, ಇಷ್ಟು, ಒಂದು ಸಲ, ಅವರು ಬದುಕಿರುವಾಗಲೇ, ಅವರ ಬಾಯಿಂದಲೇ ಕೇಳಬೇಕು.

ಅತ್ತೇ ಗಮ್ ಇಲ್ಲಿಡಿ, ಇಟ್ಟೆ, ಬಿಸಿ ಇದೆ ಮುಟ್ಟಬೇಡ, ಕೂತೆ, ಅವಳು ತೋರಣಕ್ಕೆ ದಾರ ಅಳೆಯುತ್ತಿದ್ದಾಳೆ, ನಾನು ಹಾರ್ಟಿನ ಬೆನ್ನಿಗೆ ಗೋಂದು ಸವರುತ್ತಿದ್ದೇನೆ, ಮೈದಾದ ವಾಸನೆ, ಅವತ್ತು ಗೋಂದು ಇರಲಿಲ್ಲ, ಬೇಯಿಸಿದ ಅನ್ನದ ಅಗುಳು ತಿಕ್ಕಿ ಎರಡು ಪದರ ಕಾಗದ ಅಂಟಿಸಿದ್ದೆ, ಮಹದೇವನಿಗೆ ಅಂಗಡಿ ಕಾರ್ಡು ಕೊಡಬಾರದು, ಎಲ್ಲರೂ ಅಂಗಡಿ ಕಾರ್ಡು ಕೊಡುತ್ತಾರೆ, ನಾನೇ ಮಾಡಬೇಕು ಎಂಬ ಹಠ, ಬಿ.ಕಾಂ ಕೊನೆಯ ವರ್ಷ, ವಿಜಯನಗರದ ಕಾಲೇಜು, ಅವನು ಬಿನ್ನಿಪೇಟೆಯವನು, ಎಡಗೈಯಲ್ಲಿ ಬರೆಯುತ್ತಿದ್ದ, ಬ್ಯಾಲೆನ್ಸ್ ಶೀಟಿನ ಮೇಲೆ ಮಸಿ ಒರೆಸಿಕೊಂಡು ಹೋಗಿ ಅವನ ಅಂಗೈ ಬದಿ ಯಾವಾಗಲೂ ನೀಲಿ, ಸಂಜೆ ನನ್ನ ಜೊತೆ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದು ಕೆಂಗೇರಿ ಬಸ್ಸು ಹತ್ತಿಸಿ ಹಿಂತಿರುಗುತ್ತಿದ್ದ, ಅಷ್ಟೇ, ಅಷ್ಟಕ್ಕಿಂತ ಒಂದು ಬೆರಳೂ ಹೆಚ್ಚಿಲ್ಲ, ಕೈ ಕೂಡ ಹಿಡಿದಿರಲಿಲ್ಲ, ಈಗ ನೆನೆದರೆ ಅದೇ ಹೊಟ್ಟೆ ಉರಿಸುತ್ತದೆ, ಹಿಡಿದಾದರೂ ಹಿಡಿಯಬಹುದಿತ್ತು. ಕೆಂಪು ಗ್ಲೇಜ್ ಪೇಪರು ತಂದು ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಕತ್ತರಿಸಿದರೆ ನನಗೂ ಬದನೆಕಾಯಿಯೇ, ಸಿಂಚು, ನನಗೂ ಚಪ್ಪಲಿ ಅಟ್ಟೆಯೇ, ಕೊನೆಗೆ ಅಪ್ಪನ ತಟ್ಟೆಯಿಂದ ಒಂದು ಎಲೆ ತಂದು ಇಟ್ಟು ಗೆರೆ ಎಳೆದೆ, ಬಂತು, ಕುಣಿಯುವಷ್ಟು ಚೆನ್ನಾಗಿ ಬಂತು. ಕೆಲಸ ಮುಗಿದ ಮೇಲೆ ಎಲೆಯನ್ನು ಬಿಸಾಡಬೇಕಿತ್ತು. ಹಸುವಿಗಾದರೂ ಹಾಕಬೇಕಿತ್ತು. ನಮ್ಮ ಮನೆಯಲ್ಲಿ ಎಲೆ ಬಿಸಾಡುವ ಹಾಗಿಲ್ಲವಲ್ಲ, ಎಲೆ ಎಂದರೆ ಲಕ್ಷ್ಮಿ, ಹುಟ್ಟಿದಾಗಿನಿಂದ ತಲೆಯಲ್ಲಿ ಕೂರಿಸಿದ್ದಾರೆ, ಬೇರೆ ಮನೆಯ ಹುಡುಗಿಯಾಗಿದ್ದರೆ ಕಸದ ಬುಟ್ಟಿಗೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದಳು, ನಾನು ಲಂಗದಲ್ಲಿ ಒರೆಸಿ, ಭಕ್ತಿಯಿಂದ, ಕಣ್ಣಿಗೊತ್ತಿಕೊಂಡು, ವಾಪಸ್ಸು ತಟ್ಟೆಗೇ ಇಟ್ಟೆ. ರಾತ್ರಿ ಊಟವಾದ ಮೇಲೆ ಅಪ್ಪನ ಕೈಗೆ ಅದೇ ಎಲೆ ಬಂತು, ಇದೇನೇ ಲಕ್ಷ್ಮೀ, ಎಲೆ ಅಂಚೆಲ್ಲ ಕಪ್ಪಗದೆ, ಪೆನ್ಸಿಲ್ ಸೀಸ ಇದ್ದಂಗದೆ, ಅಮ್ಮನಿಗೇನು ಗೊತ್ತು, ಭೈರೇಶನಿಗೆ ಗೊತ್ತಿತ್ತು, ಹೈಸ್ಕೂಲು ಓದುತ್ತಿದ್ದ, ಅಕ್ಕ ಹಿತ್ಲಲ್ಲಿ ಕೆಂಪ್ ಪೇಪರ್ ಕಟ್ ಮಾಡ್ತಿದ್ಲು ಎಂದ, ಯಾರೂ ಹೇಳದೆಯೇ ಎದ್ದು ಹೋಗಿ ನನ್ನ ಅಕೌಂಟೆನ್ಸಿ ಪುಸ್ತಕದಿಂದ ಹಾರ್ಟನ್ನು ಎಳೆದು ತಂದ, ಅದರ ಮೇಲೆ ಬರೆದಿದ್ದ ಹೆಸರನ್ನು ಮಹಾದೇವ ಎಂದು ದೀರ್ಘ ಎಳೆದು ಓದಿದ, ದೇವರ ಹೆಸರಲ್ವಾ ಎಂದು ನಕ್ಕ. ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಒಂದು ವಾರಕ್ಕೆ ಮರೆಯುತ್ತಿದ್ದೆನೇನೋ. ಕೆಂಪು ಹಾರ್ಟನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಆ ಎಲೆಯನ್ನು ಇಟ್ಟು ನೋಡಿದರು, ಅಂಚಿಗೆ ಅಂಚು ಕೂತಿತು, ಓಹೋ, ಎಂದರು, ಅಷ್ಟೇ, ಯಾವನವನು, ನಮ್ಮೋರಾ, ಎಂದು ಕೇಳಿದರು, ನಾನು ಅಲ್ಲ ಎನ್ನುವಂತೆ ತಲೆಯಾಡಿಸಿದೆ, ನನ್ನ ಮುಖವನ್ನೇ ನೋಡುತ್ತ, ಕೈಯಲ್ಲಿ ಹಾರ್ಟು, ಹೆಬ್ಬೆರಳು ಅದರ ತುದಿಗೆ ಹೋಯಿತು, ಚಿಟ್, ಕಾಗದದ ತುದಿಯನ್ನು ಉಗುರಿನಲ್ಲಿ ಮುರಿದು ಕೆಳಗೆ ಹಾಕಿದರು, ಎಲೆಯ ತುದಿ ಮುರಿಯುವ ಹಾಗೆಯೇ, ಯೋಚನೆಯೇ ಇಲ್ಲದೆ, ಆಮೇಲೆ ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಹಾಕಿ ಬಂದು, ಆ ಎಲೆಗೆ ಸುಣ್ಣ ಹಚ್ಚಿ, ಸೀಸದ ಸಮೇತ ಮಡಿಸಿ ಬಾಯಿಗಿಟ್ಟುಕೊಂಡು ಅಗಿದರು. ಎಲೆ ಬಿಸಾಡಬಾರದಲ್ಲ. ಬೆಳಿಗ್ಗೆ ಪಡಸಾಲೆ ಗುಡಿಸಿದವಳು ನಾನೇ, ಕಂಬದ ಬುಡದಲ್ಲಿ ಆ ಸಣ್ಣ ಕೆಂಪು ತುದಿ ಬಿದ್ದಿತ್ತು, ಅದನ್ನೂ ಗುಡಿಸಿ ಮೊರಕ್ಕೆ ಎಳೆದುಕೊಂಡೆ.

ಅತ್ತೇ ಜಾಸ್ತಿ ಗಮ್ ಹಾಕ್ಬೇಡಿ, ಒದ್ದೆಯಾಗಿ ಸುಕ್ಕಾಗುತ್ತೆ, ಆಯ್ತು ತಾಯಿ, ನೀನು ಹೇಳಿದ ಹಾಗೆ, ಎಷ್ಟು ಹಾರ್ಟು ಆಯಿತು, ತೋರಣಕ್ಕೆ ಸಾಕು, ಇನ್ನು ಮನೆಯವರದು, ತಾತನಿಗೆ, ಅಪ್ಪನಿಗೆ, ಅಮ್ಮನಿಗೆ, ಫೋಟೋದಲ್ಲಿರುವ ಅಜ್ಜಿಗೂ ಒಂದು, ಅತ್ತೆಗೆ, ಹೆಸರು ಬರೆಯುತ್ತಾಳಂತೆ, ಬರಿ, ನಮ್ಮ ಮನೆಯಲ್ಲಿ ಹಾರ್ಟಿನ ಮೇಲೆ ಹೆಸರು ಬರೆಯುವುದಕ್ಕೆ ಈಗ ಸ್ಕೂಲಿನಿಂದಲೇ ಅಪ್ಪಣೆ ಬಂದಿದೆ. ಅವತ್ತು ಬರೆದದ್ದಕ್ಕೆ ಮಾರನೆಯ ದಿನದಿಂದ ಕಾಲೇಜು ಬಂದ್, ಪರೀಕ್ಷೆ ಎದುರಿಗಿತ್ತು, ಹಾಲ್ ಟಿಕೆಟ್ಟು ಕಾಲೇಜಿನಲ್ಲೇ ಉಳಿಯಿತು, ಅಪ್ಪ ಊರಿನ ಗಟ್ಟಿ ಆಳುಗಳು ಇಬ್ಬರನ್ನು ಜೀಪಿನಲ್ಲಿ ಕೂರಿಸಿಕೊಂಡು ಬಿನ್ನಿಪೇಟೆಗೆ ಹೋದರು, ಮಹದೇವನ ಅಪ್ಪ ದೊಡ್ಡಣ್ಣನದು ಮಿಲ್ಲು ಮುಚ್ಚಿದ ಮೇಲೆ ಸೈಕಲ್ ರಿಪೇರಿ, ಅವನ ಅಂಗಡಿ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಕೂಗಾಡದೆ, ಬೈಯದೆ, ಎಲೆ ಅಡಿಕೆ ಹಾಕಿಕೊಳ್ಳುತ್ತಲೇ ಮಾತಾಡಿದರಂತೆ, ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನನ್ ಕೇಳ್ಬೇಡ ಅಂತ ಹೇಳೋಕ್ ಬಂದೆ ಕಣಪ್ಪ ಎಂದರಂತೆ, ದೊಡ್ಡಣ್ಣ ಗ್ರೀಸು ಮೆತ್ತಿದ ಕೈಯಲ್ಲೇ ಕಾಲು ಮುಟ್ಟಲು ಬಂದನಂತೆ, ಪಂಚೆ ಕೊಳೆಯಾಗುತ್ತದೆ ಎಂದು ಅಪ್ಪ ಕಾಲು ಹಿಂದಕ್ಕೆಳೆದುಕೊಂಡರಂತೆ, ಇದನ್ನು ಜೀಪಿನಲ್ಲಿ ಹೋಗಿದ್ದ ಇಬ್ಬರಲ್ಲೊಬ್ಬನೇ ವರ್ಷಗಟ್ಟಲೆ ನಗುನಗುತ್ತ ಹೇಳಿಕೊಂಡು ತಿರುಗಿದ, ತಿಂಗಳೊಳಗೆ ಅವರು ಮನೆ ಖಾಲಿ ಮಾಡಿದ್ದರು, ಎಲ್ಲಿಗೆ ಎಂದು ಯಾರೂ ನನಗೆ ಹೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ, ಬಾಯಿಗೆ ಬೀಗ. ಯುಗಾದಿ ಕಳೆಯುತ್ತಿದ್ದಂತೆ ಬಿಡದಿ ಕಡೆಯ ಗಂಡು, ವೀಳ್ಯದ ಶಾಸ್ತ್ರವಾಯಿತು, ಎರಡೂ ಕಡೆಯವರು ಎಲೆ ಅಡಿಕೆ ತಟ್ಟೆ ಬದಲಾಯಿಸಿಕೊಂಡರು, ಎಳೆಯ ಎಲೆಗಳು, ತೊಟ್ಟು ತುದಿ ಎಲ್ಲ ಇದ್ದವು, ಶಾಸ್ತ್ರದ ಎಲೆಗೆ ತುದಿ ಇರಬೇಕು, ತಿನ್ನುವ ಎಲೆಗೆ ಮಾತ್ರ ಇರಬಾರದು, ಹದಿನೈದು ದಿನಕ್ಕೆ ಗಂಡಿನ ಕಡೆಯವರ ಕಿವಿಗೆ ಜೀಪಿನ ಕಥೆ ಬಿತ್ತು, ಎಲೆ ಅಡಿಕೆ ವಾಪಸ್ಸು ಬಂತು, ಆಮೇಲೆ ಬಂದವರಿಗೂ ಯಾರೋ ಹೇಳಿದರು, ಆಮೇಲೆ ಯಾರೂ ಬರಲಿಲ್ಲ, ಅಮ್ಮ ಮಲಗಿದಳು, ಅವಳ ಮೈ ಒರೆಸಿ ಮಗ್ಗುಲು ತಿರುಗಿಸುವುದರಲ್ಲಿ ನನ್ನ ವಯಸ್ಸು ಹೋಯಿತು, ಭೂಮಿ ಹೋಗಿ ಲೇಔಟ್ ಬಂತು, ಹೆಂಚಿನ ಮನೆ ಒಡೆದು ಮೂರಂತಸ್ತು ಎದ್ದಿತು, ದೇವರ ಹೆಸರೆಂದು ನಕ್ಕ ಭೈರೇಶ ಬ್ಯಾಂಕಿನಲ್ಲಿ ಅನುವನ್ನು ನೋಡಿ ಮೆಚ್ಚಿದ, ಅನು ಕೂಡ ನಮ್ಮೋರಲ್ಲ, ಅಪ್ಪ ಒಂದು ವಾರ ಮಾತು ಬಿಟ್ಟು, ಎಂಟನೆಯ ದಿನ ಕಾಲ ಬದ್ಲಾಗದೆ ಬುಡು ಎಂದು ಒಪ್ಪಿಕೊಂಡರು, ಕಾಲ ಬದಲಾಗುವುದಕ್ಕೆ ನಾನು ಒಬ್ಬಳು ಅಡ್ಡ ಇದ್ದೆ ಅಂತ ಕಾಣುತ್ತದೆ. ಅನುವಿನ ಮೇಲೆ ನನಗೆ ಸಿಟ್ಟಿಲ್ಲ, ಇಲ್ಲ ಎಂದರೆ ಸುಳ್ಳಾದೀತು, ಇದೆ, ಅವಳು ಏನೂ ಮಾಡಿಲ್ಲ, ಅದಕ್ಕೇ ಇದೆ.

ಗೇಟಿನ ಸದ್ದು, ಇಬ್ಬರೂ ಒಟ್ಟಿಗೇ ಬಂದರು ಇವತ್ತು, ಭೈರೇಶನ ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಗುಲಾಬಿಗಳು, ಅನುವಿನ ಕೈಯಲ್ಲಿ ಕೇಕಿನ ಡಬ್ಬಿ, ನಾಳೆ ಹೂವಿನ ರೇಟು ಗಗನಕ್ಕೆ ಹೋಗುತ್ತದೆಂದು ಇವತ್ತೇ ತಂದನಂತೆ, ಪ್ರೀತಿಗೂ ಮುಂಗಡ, ಅಯ್ಯೋ ಎಷ್ಟ್ ಚೆನ್ನಾಗಿದೆ ತೋರಣ, ಅತ್ತಿಗೆ ನೀವು ಹೆಲ್ಪ್ ಮಾಡಿದ್ರಾ, ಎಂದು ಅನು ಬ್ಯಾಗು ಇಡುತ್ತ ಕೇಳಿದಳು, ನಾನಲ್ಲ, ತಾತ ಎಲೆ ಇಟ್ಟು ಗೆರೆ ಎಳೆಸಿದರು ಎನ್ನುತ್ತ ಭೈರೇಶನ ಮುಖ ನೋಡಿದೆ, ಅವನಿಗೆ ನೆನಪಿರಲೇಬೇಕು, ಪುಸ್ತಕದಿಂದ ಎಳೆದು ತಂದ ಕೈ ಅದೇ, ಸೂಪರ್ ಅಪ್ಪಾಜಿ ಎಂದು ಅವನು ಫೋನಿನತ್ತ ತಿರುಗಿದ, ಅವನಿಗೆ ನಿಜಕ್ಕೂ ನೆನಪಿಲ್ಲ, ಅವನ ಪಾಲಿಗೆ ಅದೊಂದು ಸಂಜೆ, ಹೈಸ್ಕೂಲಿನ ಎಷ್ಟೋ ಸಂಜೆಗಳಲ್ಲಿ ಒಂದು. ಆದರೆ ಅಪ್ಪನಿಗೆ ಇದೆ, ಇಲ್ಲದಿದ್ದರೆ ಎಲೆಯ ಉಪಾಯ ಎಲ್ಲಿಂದ ಬಂತು, ಈಗ ಕೇಳದಿದ್ದರೆ ಇನ್ನು ಯಾವಾಗ ಕೇಳುತ್ತೇನೆ, ಕಾಫಿಗೆ ಇಟ್ಟು ಬಂದೆ, ಅಪ್ಪನ ಎದುರು ನೆಲದ ಮೇಲೆ ಕೂತೆ, ಸಿಂಚು ಬರೆದ ಹಾರ್ಟುಗಳನ್ನು ಅಪ್ಪ ಒಂದೊಂದಾಗಿ ಎತ್ತಿ ನೋಡುತ್ತಿದ್ದರು, ಒಂದು ಅವರ ಕೈಯಲ್ಲೇ ಇತ್ತು, ಸೊಗಸಾದದ್ದು, ಎಲ್ಲಕ್ಕಿಂತ ದುಂಡಗಿನದು. ನಲವತ್ತು ದಾಟಿದ ಹೆಂಗಸು, ಅಪ್ಪನ ಮುಂದೆ ಕೂತು ಇಷ್ಟು ಹೆದರಬೇಕೇ, ಹೆದರಿದೆ, ಹೆದರಿಕೊಂಡೇ ಕೇಳಿದೆ, ಅಪ್ಪಾ, ನಾನೂ ಒಂದ್ ಮಾಡಿದ್ನಲ್ಲ, ಹಿಂಗೇ ಎಲೆ ಇಟ್ಟು, ನಿಮ್ಗೆ ನೆನಪಿಲ್ವಾ. ಅಪ್ಪ ರಸವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತಿರುಗಿಸಿಕೊಂಡರು, ನೀನಾ, ನೀನೆಲ್ ಮಾಡ್ದೆ ಇಂತವ್ನೆಲ್ಲ, ಎಂದರು, ನನ್ನನ್ನು ನೋಡದೆ ಸಿಂಚುವಿನ ಕಡೆ ತಿರುಗಿ, ನಗುತ್ತಲೇ, ನಿಮ್ಮತ್ತೇಗೆ ಇವೆಲ್ಲ ಆಗ್ತಿರ್ಲಿಲ್ಲ ಕಣ್ ಮಗಾ, ಎಂತೆಂಥ ಗಂಡು ಬಂದ್ವು, ಒಂದೂ ಬ್ಯಾಡ ಅಂದ್ಬುಟ್ಲು, ಅಪ್ಪ ಅಮ್ಮನ್ನ ಯಾರ್ ನೋಡ್ಕೊಳ್ತಾರೆ, ನಾನ್ ಮದ್ವೇನೇ ಆಗಲ್ಲ ಅಂದ್ಬುಟ್ಲು, ಅಂಥ ಮಗಳು ಯಾರಿಗ್ ಸಿಗ್ತಾಳೆ ಹೇಳು. ಹೌದಾ ಅತ್ತಿಗೆ, ಎಂದಳು ಅನು, ಕಣ್ಣಲ್ಲಿ ನೀರು ಬೇರೆ, ನನಗೆ ಗೊತ್ತೇ ಇರ್ಲಿಲ್ಲ, ನೀವೆಷ್ಟು ದೊಡ್ಡೋರು. ಬಾಯಿ ತೆರೆದೆ. ಏನು ಹೇಳಲಿ, ಎಲ್ಲಿಂದ ಶುರು ಮಾಡಲಿ, ಜೀಪಿನಿಂದಲೇ, ಹಾಲ್ ಟಿಕೆಟ್ಟಿನಿಂದಲೇ, ಸಿಂಚು ಪೆನ್ಸಿಲ್ಲು ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಾಳೆ, ಈ ಮಗು ಇನ್ನು ಮೇಲೆ ಇದನ್ನೇ ನಂಬುತ್ತದೆ, ಸ್ಕೂಲಿನಲ್ಲಿ ಹೇಳುತ್ತದೆ, ಮೈ ಅತ್ತೆ ಎಂದು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುತ್ತದೆ, ನಾನು ಸತ್ತ ಮೇಲೂ ಉಳಿಯುವ ಕಥೆ ಇದೇ, ತ್ಯಾಗಮಯಿ, ಥೂ — ಆಗ ನೋಡಿದೆ ಅಪ್ಪನ ಕೈ. ಮಾತು ಮಗುವಿನ ಕಡೆ ಹೋಗುತ್ತಿತ್ತು, ಮುಖ ಮಗುವಿನ ಕಡೆ ಇತ್ತು, ಕೈ ಮಾತ್ರ ನನ್ನ ಕಡೆ, ಹೆಬ್ಬೆರಳು ಕೆಂಪು ಹಾರ್ಟಿನ ಅಂಚಿನಲ್ಲಿ ಜಾರುತ್ತ ಕೆಳಗಿಳಿದು, ತುದಿಗೆ ಬಂದು, ನಿಂತು, ಚಿಟ್.

ಚಾರ್ಟ್ ಪೇಪರು ದಪ್ಪ, ಗ್ಲೇಜ್ ಪೇಪರಿನಷ್ಟು ಸುಲಭವಲ್ಲ, ಉಗುರನ್ನು ಎರಡು ಸಲ ಒತ್ತಬೇಕಾಯಿತು, ಒತ್ತಿದರು, ತುದಿ ಮುರಿದು ಪಂಚೆಯ ಮೇಲೆ ಬಿತ್ತು, ಅಪ್ಪ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು, ಆಮೇಲೆ ಮುಖ ಎತ್ತಿ ನನ್ನನ್ನು ನೋಡಿದರು, ಮಧ್ಯಾಹ್ನದಿಂದ ಮೊದಲ ಸಲ, ನಾನು ಕಣ್ಣು ತೆಗೆಯಲಿಲ್ಲ, ಗೊತ್ತಿದೆ, ಇವರಿಗೆ ಎಲ್ಲ ಗೊತ್ತಿದೆ, ಆ ಕಣ್ಣಿನಲ್ಲಿ ಹಂಡೆಯ ಒಲೆ ಇದೆ, ಹೇಳಿ ಅಪ್ಪಾ, ಈಗ ಹೇಳಿ, ಒಂದೇ ಮಾತು — ಪಂಚೆ ಕೊಡವಿದರು, ತುದಿ ನೆಲಕ್ಕೆ ಬಿತ್ತು, ಲತಾ, ಸುಣ್ಣದ್ ಡಬ್ಬಿ ಇತ್ತಕ್ಕೊಡವ್ವ, ಎಂದರು. ಕೊಟ್ಟೆ. ಎದ್ದು, ಶೆಲ್ಫಿನಿಂದ ತೆಗೆದು, ಮುಚ್ಚಳ ಸಡಿಲ ಮಾಡಿ, ಕೈಗೆ ಕೊಟ್ಟೆ, ಇಷ್ಟು ವರ್ಷ ಕೊಟ್ಟ ಹಾಗೆ, ನನ್ನ ಕೈಗೆ ಬುದ್ಧಿ ಬೇಡವೇ, ಅವರ ಹೆಬ್ಬೆರಳನ್ನು ಬೈದುಕೊಳ್ಳುವ ನನ್ನ ಕೈಗೂ ಬುದ್ಧಿ ಬೇಡವೇ. ಸಿಂಚು ಆಗ ನೋಡಿದಳು, ತಾತಾ ಹಾರ್ಟ್ ಹಾಳ್ ಮಾಡ್ಬಿಟ್ರಿ, ಎಂದು ಕಿರುಚಿದಳು, ಭೈರೇಶ ನಗತೊಡಗಿದ, ಅಪ್ಪಾಜಿ ಎಲೆ ಅನ್ಕೊಂಡ್ಬಿಟ್ರು, ಸುಣ್ಣಾನೂ ಹಚ್ಚಿ ಹಾಕ್ಕೊಂಡ್ಬಿಡ್ತಿದ್ರು, ಅನುವೂ ನಕ್ಕಳು, ಅಪ್ಪನೂ ನಕ್ಕರು, ಅಭ್ಯಾಸ ಕಣಪ್ಪ ಏನ್ಮಾಡ್ಲಿ, ಕೈ ಕೇಳಲ್ಲ ಎಂದರು, ಎಲ್ಲರ ನಗುವಿನಲ್ಲಿ ಆ ನೋಟ ಎಲ್ಲಿ ಹೋಯಿತೋ, ಇತ್ತೋ ಇಲ್ಲವೋ, ನಾನೇ ಕಲ್ಪಿಸಿಕೊಂಡೆನೋ, ಇಲ್ಲ, ಇತ್ತು, ನಾನು ನೋಡಿದೆ. ಮಗು ಮೂಗೊರೆಸಿಕೊಂಡು ಹಾರ್ಟುಗಳನ್ನು ಹಂಚತೊಡಗಿತು, ಇದು ತಾತಂದು, ಇದು ಅಪ್ಪಂದು, ಇದು ಅಮ್ಮಂದು, ಇದು ನಂದು, ಅಜ್ಜಿಯದನ್ನು ಭೈರೇಶ ಫೋಟೋದ ಚೌಕಟ್ಟಿಗೆ ಸಿಕ್ಕಿಸಿದ, ಉಳಿದದ್ದು ಒಂದು, ಮುರಿದದ್ದು, ತಿರುಗಿಸಿ ನೋಡಿದಳು, ಅತ್ತೆ ಎಂದು ಬರೆದದ್ದು ಅದರ ಮೇಲೆಯೇ ಇತ್ತು, ಇನ್ನೊಂದು ಮಾಡಲು ಪೇಪರು ಮುಗಿದಿದೆ, ಪರ್ವಾಗಿಲ್ಲ ಅಲ್ವಾ ಅತ್ತೆ, ನೀವು ಅಳಲ್ಲ ಅಲ್ವಾ, ಎಂದು ಕೇಳಿದಳು. ಅಳಲ್ಲ ಕಣೇ, ಕೊಡು.

ಎಲ್ರೂ ದಿವಾನದ ಹತ್ರ ಬನ್ನಿ, ಎಂದು ಅನು ಫೋನನ್ನು ಟಿವಿಗೆ ಒರಗಿಸಿಟ್ಟು ಓಡಿ ಬರುತ್ತಾಳೆ, ಅಪ್ಪ ನಡುವೆ, ಅವರ ತೊಡೆಯ ಮೇಲೆ ಸಿಂಚು, ಎರಡೂ ಕಡೆ ಭೈರೇಶ ಮತ್ತು ಅನು, ನಾನು ಹಿಂದೆ, ತಲೆಯ ಮೇಲೆ ತೋರಣ, ಎಲ್ಲರ ಎದೆಯ ಮುಂದೆ ಕೆಂಪು ಹಾರ್ಟು, ಅತ್ತೇ ಮುರಿದಿರೋದು ಕಾಣ್ದಂಗೆ ಕೈ ಮುಚ್ಕೊಂಡ್ ಹಿಡ್ಕೊಳಿ, ಮುಚ್ಚಿಕೊಂಡೆ, ಬೆರಳಿಗೆ ಮುರಿದ ಜಾಗ ತಗುಲುತ್ತದೆ, ಕತ್ತರಿಯ ನುಣುಪಿಲ್ಲ, ಸಣ್ಣಗೆ ಹರಕು, ಉಗುರಿನದು, ಇವರ ಬೋಳುತಲೆ ನನ್ನ ಗಲ್ಲದ ಕೆಳಗೇ ಇದೆ, ಎಲೆ ಅಡಿಕೆಯ ವಾಸನೆ, ಸುಣ್ಣದ ವಾಸನೆ, ಒಂದು ಮಾತು ಕೇಳಬೇಕೆಂದಿದ್ದೆ, ಬೇರೆಯ ಮಾತು ಕೊಟ್ಟರು, ಅದನ್ನು ಮಗು ನಂಬಿತು, ಕಾಫಿಯ ಹಾಲು ಉಕ್ಕಿದ ವಾಸನೆ ಬರುತ್ತಿದೆ, ಉಕ್ಕಲಿ, ಅತ್ತೇ ಸ್ಮೈಲ್, ಫೋನು ಮೂರು ಎರಡು ಎಂದು ಎಣಿಸುತ್ತಿದೆ, ಎಲ್ಲರೂ ಫೋನು ನೋಡುತ್ತಿದ್ದಾರೆ, ನಾನು ನೆಲ ನೋಡುತ್ತಿದ್ದೇನೆ, ದಿವಾನದ ಕಾಲಿನ ಬುಡದಲ್ಲಿ, ಕಸದ ನಡುವೆ, ಅಷ್ಟು ಕೆಂಪು ಚೂರುಗಳ ನಡುವೆ ಅದೊಂದು ಮಾತ್ರ ಬೇರೆಯಾಗಿ ಕಾಣುತ್ತಿದೆ, ಚೂಪಾಗಿ, ಸಣ್ಣದಾಗಿ, ಈ ಫೋಟೋ ಮುಗಿದ ಮೇಲೆ ನಾನೇ ಪೊರಕೆ ತರಬೇಕು, ನಾನೇ ಗುಡಿಸಬೇಕು, ನಾನೇ ಮೊರಕ್ಕೆ ಎಳೆದುಕೊಳ್ಳಬೇಕು, ಆ ತುದಿ, ಕಂಬದ ಬುಡದಲ್ಲಿ, ದಿವಾನದ ಬುಡದಲ್ಲಿ, ಆ ಕೆಂಪು ತುದಿ, ಅದರ ಮೇಲೆ ಇನ್ನೂ ಕಾಣುತ್ತಿರುವ ಉಗುರಿನ ಗುರುತು, ಆ ತುದಿ.